ಏಳು ಅಕ್ಷರಗಳ ಕಳವು

ಪೆಟ್ಟಿಗೆಯ ಮುಚ್ಚಳ ತೆಗೆದ ನೀಲಾಂಬಿಕಾ ಎರಡೆರಡು ಸಲ ಎಣಿಸಿದರು. ಕಟ್ಟಿಗೆಯ ಇಪ್ಪತ್ತಾರು ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಲ್ಲಿ ಏಳು ಇರಲಿಲ್ಲ. ಎ, ಬಿ, ಡಿ, ಓ, ಪಿ, ಕ್ಯೂ, ಆರ್ — ಮಾಯ!

ಮರುದಿನ ಹಾನಗಲ್ಲಿನಲ್ಲಿ ತಾಲ್ಲೂಕು ಮಟ್ಟದ ಪದಸ್ಪರ್ಧೆ. ಕೊಟ್ಟ ಅಕ್ಷರಗಳಿಂದ ಮಕ್ಕಳು ಎಷ್ಟು ಇಂಗ್ಲಿಷ್ ಪದ ಹುಡುಕುತ್ತಾರೆ ಎಂಬ ಆಟ. ಉಸ್ತುವಾರಿ ನೀಲಾಂಬಿಕಾ ಅವರದು. ಅಂಗೈ ಅಗಲದ, ಮಿರಮಿರ ಮಿಂಚುವ ಬಣ್ಣದ ಅಕ್ಷರಗಳು ಇದ್ದದ್ದು ಅಕ್ಕಿಆಲೂರಿನ ಹತ್ತಿರದ ಈ ಒಂದು ಶಾಲೆಯಲ್ಲಿ ಮಾತ್ರ. ಒಯ್ಯಲು ಬಂದರೆ ಈ ಗತಿ! ಎ, ಓ ಎರಡೂ ಇಲ್ಲದೆ ಮಕ್ಕಳು ಯಾವ ಸುಡುಗಾಡು ಪದ ಕಟ್ಟಬೇಕು?

"ನಿನ್ನೆ ಸಂಜಿಮುಂದ ನಾನ ಎಣಿಸಿ ಇಟ್ಟೇನ್ರಿ ಮೇಡಂ," ಎಂದಳು ಗುಲ್ನಾಜ. ಸವಣೂರಿನಿಂದ ಬಂದು ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ. "ಖೋಲಿಗೆ ಕೀಲಿ ಹಾಕಿ, ಜಗ್ಗಿ ನೋಡಿ ಹೋಗೇನಿ."

ಗದ್ದಲ ಕೇಳಿ ಪಕ್ಕದ ಮನೆಯಿಂದ ಶಾಲಾ ಸಮಿತಿಯ ಅಧ್ಯಕ್ಷ ಲೋಹಿತ ಬಂದ. ಅಂಗಿಗೆಲ್ಲ ರಿಬ್ಬನ್ನಿನ ಚೂರು ಅಂಟಿದ್ದವು. ಮಕ್ಕಳನ್ನು ಬಿಡಲು ಬಂದ ತಾಯಂದಿರು ಗೇಟಿನಲ್ಲೇ ನಿಂತಿದ್ದರು. ಅವರೆಲ್ಲರಿಗೂ ಕೇಳುವಂತೆ ಅವನು ದನಿ ಏರಿಸಿದ.

"ಕೀಲಿ ಮುರದಿಲ್ಲ. ಚಾವಿ ಯಾರ ಕಡೆ ಇತ್ತು? ಟೀಚರ ಕಡೆ. ಕಳ್ಳಿ ಯಾರಂತ ಮತ್ತ ಬ್ಯಾರೆ ಹೇಳಬೇಕೇನ್ರಿ? ಸಂಜಿ ಒಳಗ ಅಕ್ಷರ ಸಿಗಲಿಲ್ಲ ಅಂದ್ರ ಈ ಟೀಚರ ನಾಳಿಂದ ಬರೋದು ಬ್ಯಾಡ. ನನಗಂತೂ ಇಲ್ಲಿ ನಿಂದ್ರಾಕ ಪುರುಸೊತ್ತಿಲ್ಲ. ದೀಪಾವಳಿ ಬಂತು, ಓಟಕ್ಕ ಹೋರಿ ತಯಾರ ಮಾಡೋದೈತಿ."

ಗುಲ್ನಾಜಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಮನೆ ನಡೆಯುವುದು ಅವಳ ಈ ನೌಕರಿಯ ಮೇಲೆ.

ಮುಖ್ಯಗುರು ಮೃತ್ಯುಂಜಯ ಅವರಿಗೆ ಮಾತ್ರ ಎಲ್ಲಿಲ್ಲದ ಹುರುಪು. ಪತ್ರಿಕೆಯ ಪದಬಂಧ ಬಿಡಿಸದೆ ಬಾಯಿಗೆ ಚಹಾ ಮುಟ್ಟಿಸದ ಮನುಷ್ಯ.

"ಮೇಡಂ, ಕಳ್ಳ ಪೆಟ್ಟಿಗಿ ಒಯ್ದಿಲ್ಲ. ಆರಿಸಿ ಏಳು ಅಕ್ಷರ ಒಯ್ದಾನ. ಯಾಕ? ಯಾವುದೋ ಒಂದು ಶಬ್ದ ಬರಿಯಾಕ! ಆ ಶಬ್ದ ಸಿಕ್ರ ಕಳ್ಳ ಸಿಕ್ಕಂಗ."

ಕೇಳಲು ಸರಿಯಾಗಿಯೇ ಇತ್ತು. ಅದೇ ತಪ್ಪಾಯಿತು. ಕರಿಹಲಗೆಯ ಮುಂದೆ ಅವರಿಬ್ಬರ ಅರ್ಧ ದಿನ ಮಣ್ಣುಪಾಲಾಯಿತು.

"ರೋಡ್! ರೋಡಿನ ಗುತ್ತಿಗೆದಾರ ಯಾರದಾನ?"

"ಉಳದ ಅಕ್ಷರ ಏನ ಮಾಡ್ತೀರಿ ಸರ್?"

"ಬೋರ್ಡ್! ಅಂಗಡಿ ಬೋರ್ಡ್ ಬರಸಾವ ಇರಬೇಕು."

"ಪಿ, ಕ್ಯೂ?"

"ಡ್ರಾಪ್! ಡ್ರಾಪ್ ಅಂದ್ರ ಬಿಡೋದು. ಟೀಚರು ನೌಕರಿ ಬಿಡೋ ವಿಚಾರ..."

"ಸರ್!" ನೀಲಾಂಬಿಕಾ ಸೀಮೆಸುಣ್ಣ ಟೇಬಲ್ಲಿಗೆ ಕುಕ್ಕಿದರು. "ಇಂಗ್ಲಿಷಿನ್ಯಾಗ ಕ್ಯೂ ಬಂತಂದ್ರ ಅದರ ಬೆನ್ನಿಗೆ ಯು ಬರ್ತೈತಿ. ಯು ಪೆಟ್ಟಿಗಿಯೊಳಗ ಐತಲ್ರಿ! ಶಬ್ದ ಬರಿಯಾವ ಕ್ಯೂ ಒಯ್ದು ಯು ಬಿಟ್ಟು ಹೋಗ್ತಾನೇನ್ರಿ?"

ಮೃತ್ಯುಂಜಯ ಸೋಲುವವರಲ್ಲ. ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದು, ಏಳೂ ಅಕ್ಷರ ಇರುವ ಪದ ಬೇಕೆಂದು ಒತ್ತಿದರು. ಒಂದು ಪದವೂ ಇಲ್ಲ ಎಂದಿತು ಅದು.

"ಲ್ಯಾಟಿನ್ ಇರಬಹುದೇನ್ರಿ ಮೇಡಂ?"

ನೀಲಾಂಬಿಕಾ ಹಣೆ ಹಿಡಿದುಕೊಂಡು ಕೂತರು. ಹೊತ್ತು ಇಳಿಯುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಗುಲ್ನಾಜ ಬುತ್ತಿ ಬಿಚ್ಚದೆ ಕೂತಿದ್ದಳು.

"ಸಾಕು. ಉಳದವನ್ನರ ಜ್ವಾಪಾನ ಮಾಡೋಣು. ಗುಲ್ನಾಜ, ಒಂದು ದಾರ ಕೊಡವಾ, ಪೋಣಿಸಿ ಗಂಟ ಹಾಕ್ತೇನಿ."

ಗುಲ್ನಾಜ ದಾರ ಕೊಟ್ಟಳು. ನೀಲಾಂಬಿಕಾ ಸಿ ಎತ್ತಿಕೊಂಡರು, ದಾರ ಜಾರಿತು. ಇ ಎತ್ತಿಕೊಂಡರು, ಜಾರಿತು. ಎಚ್, ಎಂ, ಎಸ್, ಯು — ಯಾವುದರಲ್ಲೂ ದಾರ ನಿಲ್ಲಲೊಲ್ಲದು. ಸಿಟ್ಟಿನಿಂದ ಎಲ್ಲವನ್ನೂ ಟೇಬಲ್ಲಿನ ಮೇಲೆ ಸುರಿದವರು ಹಾಗೆಯೇ ನೋಡುತ್ತ ನಿಂತುಬಿಟ್ಟರು.

"ಸರ್, ನಿಮ್ಮ ಕಡೆ ಇನ್ನೊಂದು ಚಾವಿ ಇರಬೇಕಲ್ಲ?"

"ಐತ್ರಿ. ನಾ ಶಿಗ್ಗಾಂವಿಯಿಂದ ಬಸ್ಸಿಗೆ ಬರಾವ. ಮರತ ಬಂದ್ರ ಪಜೀತಿ ಅಂತ ಲೋಹಿತ ಅವರ ಮನಿ ಗೂಟಕ್ಕ ಹಾಕಿ ಹೋಗಿರ್ತೇನಿ."

"ಇದನ್ನ ಮುಂಜಾನೆ ಹೇಳಾಕ ಏನಾಗಿತ್ತ್ರೀ?"

"ಅವರು ಅಧ್ಯಕ್ಷರಲ್ರಿ ಮೇಡಂ..."

ನೀಲಾಂಬಿಕಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಲೋಹಿತನಿಗೆ ಹೇಳಿಕಳಿಸಿದರು. ಅವನು ಗೊಣಗುತ್ತಲೇ ಬಂದ.

"ಕುಂದರ್ರಿ. ನಾವು ಮುಂಜಾನಿಂದ ಈ ಅಕ್ಷರದಾಗ ಶಬ್ದ ಹುಡುಕಿ ಹುಡುಕಿ ಹುಚ್ಚರಾದ್ವಿ. ಶಬ್ದ ಇಲ್ಲ, ಯಾಕಂದ್ರ ಒಯ್ದಾವಗ ಶಬ್ದ ಬೇಕಾಗಿರಲಿಲ್ಲ. ಹೋದ ಏಳನ್ನ ಕಣ್ಣ ಮುಂದ ತಂದುಕೊಳ್ರಿ. ಎ, ಬಿ, ಡಿ, ಓ, ಪಿ, ಕ್ಯೂ, ಆರ್. ಅಷ್ಟಕ್ಕೂ ನಡುವ ತೂತು ಐತಿ. ಇಲ್ಲಿ ಬಿದ್ದವು ನೋಡ್ರಿ, ಒಂದಕ್ಕೂ ಇಲ್ಲ. ಕಳ್ಳಗ ಬೇಕಾಗಿದ್ದು ದಾರ ಪೋಣಿಸಾಕ ಬರೋ ಬಣ್ಣದ ಕಟ್ಟಿಗಿ."

ಲೋಹಿತ ಅಂಗಿಗೆ ಅಂಟಿದ ರಿಬ್ಬನ್ನಿನ ಚೂರು ಕೀಳತೊಡಗಿದ.

"ದೀಪಾವಳಿ ಮುಂದ ಈ ಸೀಮ್ಯಾಗ ಸರ ಪೋಣಿಸವರು ಯಾರ್ರಿ? ಹೋರಿ ಓಡಸವರು. ಹೋರಿಗೆ ಕೊಬ್ಬರಿ ಸರ ಎಲ್ಲಾರೂ ಕಟ್ತಾರ. ಜನ ಬಾಯಿ ತಗದು ನೋಡೋವಂಥಾದ್ದು ನಿಮ್ಮ ಹೋರಿ ಕೊರಳಾಗ ಇರಬೇಕಿತ್ತು. ಅಖಾಡಕ್ಕ ಇಳಿಯೋತನಕ ಶೃಂಗಾರ ಯಾರಿಗೂ ತೋರಸೋ ಪದ್ಧತಿ ಇಲ್ಲ, ಹಂಗಾಗಿ ಮುಚ್ಚಿಡೋದೂ ಸಸಾರ. ಚಾವಿ ನಿಮ್ಮ ಮನಿ ಗೂಟದಾಗ. ಹೋರಿಗೆ ಮೇವು ಹಾಕೋ ಗ್ವಾದಲಿ ನಾನ ಬಂದು ನೋಡ್ಲ್ಯೋ, ನೀವ ತರ್ತೀರೋ?"

ಲೋಹಿತ ಎದ್ದುಹೋದ. ತಿರುಗಿ ಬಂದಾಗ ಕೈಯಲ್ಲಿ ಕೆಂಪು ಹಗ್ಗವಿತ್ತು. ಕೊಬ್ಬರಿ ಬಟ್ಟಲುಗಳ ನಡುವೆ ಏಳೂ ಅಕ್ಷರಗಳು ತೂಗುತ್ತಿದ್ದವು.

"ಹಬ್ಬ ಮುಗದ ಕೂಡ್ಲೆ ಇಟ್ಟುಬಿಡಾವ ಇದ್ದೇನ್ರಿ. ಸ್ಪರ್ಧಾ ನಾಳೇನ ಐತಿ ಅಂತ ಗೊತ್ತಿರಲಿಲ್ಲ."

"ಅದು ಬ್ಯಾರೆ ಮಾತು. ಅಕ್ಷರ ಮನ್ಯಾಗ ಇಟಗೊಂಡು ಈ ಹುಡುಗಿನ್ನ ಕಳ್ಳಿ ಅಂದಿರಲ್ಲ, ಅದಕ್ಕೇನಂತೀರಿ?" ಎಂದರು ನೀಲಾಂಬಿಕಾ.

ಮೃತ್ಯುಂಜಯ ಹಗ್ಗವನ್ನು ಕೈಗೆ ತೆಗೆದುಕೊಂಡು, ಪೋಣಿಸಿದ ಸಾಲಿನಲ್ಲಿ ಏನಾದರೂ ಪದ ಇದೆಯೇ ಎಂದು ಓದತೊಡಗಿದ್ದರು. ನೀಲಾಂಬಿಕಾ ಅವರ ಕೈಯಿಂದ ಅದನ್ನು ಕಿತ್ತುಕೊಂಡರು.

"ತಪ್ಪಾತು ಟೀಚರ," ಎಂದ ಲೋಹಿತ, ನೆಲ ನೋಡುತ್ತ. "ನಾಳಿಂದ ಆರಾಮ ಬರ್ರಿ. ಇದು ಇಲ್ಲಿಗೇ ಮುಗೀಲಿ."

"ಇಲ್ಲಿಗ್ಯಾಕ್ರಿ?" ಗುಲ್ನಾಜ ಎದ್ದು ನಿಂತಳು. "ಕಳ್ಳಿ ಅಂದಿದ್ದು ಗೇಟಿನ ಮುಂದ. ಈಗ ಶಾಲಿ ಬಿಡ್ತೈತಿ, ಆ ಅವ್ವಂದಿರು ಮತ್ತ ಬರ್ತಾರ. ಅಲ್ಲೇ ನಿಂತು, ಒಯ್ದಾವ ನಾನು ಅಂತ ಹೇಳ್ರಿ."

"ಊರಾಗ ನನ್ನ ಮರ್ಯಾದಿ ಏನ ಉಳೀತೈತ್ರಿ ಟೀಚರ?"

"ನನಗೂ ಒಂದು ಇತ್ರಿ," ಎಂದಳು ಗುಲ್ನಾಜ, "ಮುಂಜಾನಿತನಕ."