ವಾಂತಿಯವರ ಕಿಟಕಿ

"ಕಣ್ಣು ಮುಚ್ಚು ಅಂದ್ನಲ್ಲ ತಾಯಿ! ಪೂರ್ತಿ ಮುಚ್ಚು."

ಗಂಗರತ್ನಮ್ಮ ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಶಿರೀನಳ ಮೂಗಿಗೆ ಹಿಡಿದರು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಬಾಯಿ ಅಗಲಿಸಿಕೊಂಡಿದ್ದರು. ಯಲ್ದೂರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವರು ಅವರು. ಟೂರಿಗೂ ಅಡುಗೆಗೆಂದೇ ಬಂದಿದ್ದರು.

ಶಿರೀನಳಿಗೆ ವಾಂತಿ ಬರುತ್ತಿರಲಿಲ್ಲ. ಯಾವ ಬಸ್ಸಿನಲ್ಲೂ ಯಾವತ್ತೂ ಬಂದದ್ದಿಲ್ಲ.

ಬೆಳಿಗ್ಗೆ ಉಡುಪಿ ಬಿಡುವಾಗ ಉಮಾಶಂಕರ್ ಮೇಷ್ಟ್ರು ಹೇಳಿದ್ದರು: "ಮರವಂತೇಲಿ ರೋಡ್ ಪಕ್ಕಾನೇ ಸಮುದ್ರ. ಬಸ್ ನಿಲ್ಲಿಸಲ್ಲ, ಯಾರನ್ನೂ ಇಳಿಸಲ್ಲ. ವಾಪಸ್ ಬರೋದು ಬೇರೆ ದಾರೀಲಿ. ಕಿಟಕಿಯಿಂದಾನೇ ನೋಡ್ಕೊಳ್ಳಿ. ವಾಂತಿ ಮಾಡೋರಿಗೆ ಕಿಟಕಿ ಸೀಟು. ಯಾರ್ಯಾರು?"

ಶಿರೀನ್ ಕೈ ಎತ್ತಿದ್ದಳು. ಸಮುದ್ರದ ಕಡೆಯ ಕಿಟಕಿಯೇ ಸಿಕ್ಕಿತ್ತು. ಅಲ್ಲಿ ಕೂತಿದ್ದವರು ಗಂಗರತ್ನಮ್ಮ. ಕೋಲಾರ ದಾಟಿದಾಗಿನಿಂದ "ಸಾರ್, ಸಮುದ್ರ ಯಾವ ಕಡೆ ಬರುತ್ತೆ?" ಎಂದು ಕೇಳುತ್ತಾ ಬಂದಿದ್ದ ಅವರು ಎದ್ದು, ಈಚೆ ಸೀಟಿಗೆ ಬಂದಿದ್ದರು.

ಈಗ ಅವರು ಕರ್ಟನ್ ಎಳೆದರು. "ಓಡೋ ಮರ ನೋಡಿದ್ರೆ ಹೊಟ್ಟೆ ತೊಳಸುತ್ತೆ."

"ಬೇಡ ಆಂಟಿ, ಗಾಳಿ ಬೇಕು!"

"ಸಂದೀಲಿ ಬರುತ್ತೆ."

ಹಿಂದಿನ ಸೀಟಿನಿಂದ ಚಿಕ್ಕಪ್ಪನ ಮಗ ಅಮ್ಜದ್ ತಲೆ ಚಾಚಿದ. "ಲೇ ಶಿರೀನ್, ಮಾವಿನಕಾಯಿ ಟೆಂಪೋ ಹಿಂದೆ ನಿಂತ್ಕೊಂಡು ಮುಳಬಾಗಿಲಿಗೆ ಹೋಗಿದ್ಯಲ್ಲ, ಆವಾಗ ಬರ್ಲಿಲ್ವಾ ವಾಂತಿ?"

"ಅದು ಟೆಂಪೋ. ಇದು ಬಸ್ಸು," ಎಂದಳು ಶಿರೀನ್, ಕಣ್ಣು ಮುಚ್ಚಿಕೊಂಡೇ.

"ಮಾತಾಡಿಸ್ಬೇಡ ಕಣೋ. ಮಗು ಸುಸ್ತಾಗಿದೆ," ಎಂದರು ಗಂಗರತ್ನಮ್ಮ.

ಅಷ್ಟರಲ್ಲಿ ಮುಂದಿನ ಸೀಟಿನವರು ಕಿರುಚಿದರು. "ಸಮುದ್ರ! ಸಮುದ್ರ!" ಬಸ್ಸಿನಲ್ಲಿದ್ದವರೆಲ್ಲ ಎಡಗಡೆಯ ಕಿಟಕಿಗಳಿಗೆ ನುಗ್ಗಿದರು.

ಶಿರೀನ್ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದಳು. ಕರ್ಟನ್ ಅಲ್ಲಾಡಿದಾಗ ಒಂದು ಗೆರೆ ನೀಲಿ ಕಂಡಿತು. ಆಮೇಲೆ ಗಂಗರತ್ನಮ್ಮನ ಮುಖ ಕಂಡಿತು. ಎಲ್ಲರೂ ಹೊರಗೆ ನೋಡುತ್ತಿದ್ದರು. ಅವರೊಬ್ಬರೇ ಕವರು ಹಿಡಿದುಕೊಂಡು ಶಿರೀನಳ ಬಾಯಿಯನ್ನೇ ನೋಡುತ್ತಿದ್ದರು.

"ಆಂಟಿ, ನೀವು ನೋಡಿ."

"ನಾನು ಅತ್ಲಾಗೆ ತಿರುಗಿದಾಗ್ಲೇ ನೀನು ಕಕ್ಕೊಂಡ್ರೆ? ನೀರು ತಾನೇ. ನಮ್ಮೂರ ಕೆರೆ ತುಂಬಿದಾಗ ನೋಡಿದೀನಿ ಬಿಡು."

ಹಾಗೆನ್ನುವಾಗ ಅವರ ಕಣ್ಣು ಒಮ್ಮೆ ಕರ್ಟನ್ನಿಗೆ ಹೋಗಿ ಬಂತು.

ಶಿರೀನ್ ಎದ್ದು ನಿಂತಳು. "ಆಂಟಿ, ಕಿಟಕಿ ಪಕ್ಕಾನೇ ಜಾಸ್ತಿ ತೊಳಸ್ತಿದೆ. ನಾನು ಈ ಕಡೆ ಬರ್ತೀನಿ."

"ಮೊದ್ಲೇ ಹೇಳ್ಬಾರ್ದಾ!"

ಸೀಟು ಬದಲಾಯಿತು. ಆದರೆ ಗಂಗರತ್ನಮ್ಮ ಅಲ್ಲಿಂದಲೂ ಅವಳನ್ನೇ ನೋಡತೊಡಗಿದರು.

"ಕವರು ನಾನೇ ಹಿಡ್ಕೋತೀನಿ," ಎಂದು ಶಿರೀನ್ ಅದನ್ನು ಕಿತ್ತುಕೊಂಡು ಮುಖವನ್ನು ಒಳಗಿಟ್ಟಳು. ಒಳಗೆ ನಿನ್ನೆಯ ಪೂರಿಯ ವಾಸನೆ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಕರ್ಟನ್ ಸರಿದ ಸದ್ದಾಯಿತು. "ಅಬ್ಬಬ್ಬಾ..." ಎಂದರು ಗಂಗರತ್ನಮ್ಮ, ತಮಗೆ ತಾವೇ.

ಈಗ ಮುಖ ಎತ್ತಿದರೆ ಅವರು ಮತ್ತೆ ಈ ಕಡೆ ತಿರುಗುತ್ತಾರೆ. ಸಮುದ್ರ ಮುಗಿಯುವವರೆಗೂ ಎತ್ತುವುದು ಬೇಡ ಎಂದುಕೊಂಡಳು ಶಿರೀನ್.