ಎಡಗೈ ಹೆಬ್ಬೆರಳು

ಪಂಪು ಕೆಟ್ಟಿದೆಯೆಂಬ ಕರೆ ಬಂದ ಕೂಡಲೇ ಪಾಳಿಯಲ್ಲಿದ್ದ ಎಂಜಿನಿಯರ್ ಇರ್ಫಾನ್ ಫೋನಿನಲ್ಲಿ ‘ನೋಡ್ತೀನಿ’ ಎಂದು ಒತ್ತಿದ. ಮರುಕ್ಷಣವೇ ಎದುರಿನ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಇವರು ನೋಡುವುದಿಲ್ಲ. ಬೇರೆಯವರನ್ನು ಕರೆಯುತ್ತಿದ್ದೇನೆ.’

“ಏನ್ ಮಾನಾ ಕಳೀತೈತ್ರಿ ಮೇಡಂ ಇದು! ಚಾ ಕುಡದು ನೋಡಾಂವ ಇದ್ದೆ.”

2061ರ ಆ ಬೆಳಿಗ್ಗೆ ಧಾರವಾಡದ ಪ್ರಯೋಗಾಲಯದಲ್ಲಿ ಶಾಂಭವಿಯೂ ನಕ್ಕಳು. ‘ಖಾತ್ರಿ’ ಅವಳೇ ಕಟ್ಟಿದ ತಂತ್ರಾಂಶ. ಚಿತ್ರ, ಗುಂಡಿ ಯಾವ ಶೃಂಗಾರವೂ ಇಲ್ಲ. ಒಂದು ಸಾಲು ಆಜ್ಞೆ ಟೈಪಿಸಿದರೆ ಒಂದು ಸಾಲು ಉತ್ತರ. ಊರಿಗೆ ನೀರು, ಕರೆಂಟು ಕೊಡುವ ಯಂತ್ರಗಳು ಕೆಟ್ಟರೆ ಪಾಳಿಯ ಎಂಜಿನಿಯರಿಗೆ ಕರೆ ಹೋಗುತ್ತದೆ. ಆತ ‘ನೋಡ್ತೀನಿ’ ಎಂದು ಒತ್ತಿದರೆ ಆ ಕರೆ ನಿಲ್ಲುತ್ತದೆ. ನಿಜಕ್ಕೂ ನೋಡುತ್ತಾನೋ, ಕಾಟ ತಪ್ಪಿದರೆ ಸಾಕೆಂದು ಒತ್ತಿದನೋ ಎಂಬುದನ್ನು ಬೆರಳಿನ ವೇಗ, ಭಾರಗಳಿಂದ ಖಾತ್ರಿ ಹೇಳುತ್ತಿತ್ತು.

“ಹಳೇ ದಾಖಲೆ ಮ್ಯಾಲೂ ಓಡಿಸೂಣ್ರಿ. ಯಮನೂರಪ್ಪನ ಪ್ರಕರಣದಿಂದನ ಸುರು ಮಾಡೂಣು,” ಎಂದು ಇರ್ಫಾನ್ ಚಹಾಕ್ಕೆ ಹೊರಟ.

ಒಂಬತ್ತು ವರ್ಷಗಳ ಹಿಂದೆ ನೀರು ಶುದ್ಧಿ ಘಟಕದಲ್ಲಿ ಕ್ಲೋರಿನ್ ಅನಿಲ ಸೋರಿ, ತೊಟ್ಟಿ ತೊಳೆಯುತ್ತಿದ್ದ ಹೆಂಗಸೊಬ್ಬಳು ಸತ್ತಿದ್ದಳು. ಕಾವಲಿಗಿದ್ದೂ ಹೋಗಿ ನೋಡಲಿಲ್ಲವೆಂದು ಯಮನೂರಪ್ಪನ ಕೆಲಸ ಹೋಯಿತು. ಅಂದಿನ ಪಾಳಿ ಶಾಂಭವಿಯದು. ನೋಡುತ್ತಿದ್ದೆ, ಅಷ್ಟರಲ್ಲೇ ಆಗಿಹೋಯಿತು ಎಂದು ಅವಳು ವಿಚಾರಣೆಯಲ್ಲಿ ಹೇಳಿದಳು, ಎಲ್ಲರೂ ನಂಬಿದರು. ನಿಜವೆಂದರೆ ಕರೆ ಬಂದು ‘ನೋಡ್ತೀನಿ’ ಒತ್ತಿದಾಗ ಅವಳು ತಂಗಿಯ ಮಗುವಿನ ತೊಟ್ಟಿಲು ಕಾರ್ಯದಲ್ಲಿ ಊಟದ ಪಂಕ್ತಿಯಲ್ಲಿದ್ದಳು.

ಆ ದಾಖಲೆ ಅಳಿಸುವ ಆಜ್ಞೆಯನ್ನು ಟೈಪಿಸಿಯೂ ಬಿಟ್ಟಳು. ಒತ್ತಲು ಕೈ ಬರಲಿಲ್ಲ. ಅದನ್ನು ತೆಗೆದು ಖಾತ್ರಿಯನ್ನು ಓಡಿಸಿದಳು.

‘ಎಡಗೈ ಹೆಬ್ಬೆರಳು. ಸಂದೇಶ ಓದಿಲ್ಲ. ನೋಡುವ ಇರಾದೆ ಇಲ್ಲ.’

ಅಂದು ಬಲಗೈಯಲ್ಲಿ ಹೋಳಿಗೆಯಿತ್ತು. ಶಾಂಭವಿ ನಾಚಿಕೆಯಿಂದ ಹಿಡಿಯಾದಳು.

ಆ ಸಾಲಿನ ಕೆಳಗೆ ತನ್ನ ಹೆಸರು ಬರೆದು ವಿಚಾರಣಾ ಮಂಡಳಿಗೆ ಕಳಿಸಿದಳು. ಆಮೇಲೆ ಯಮನೂರಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

“ಅವತ್ತ ಘಟಕದಾಗ ಗಂಟಿ ಬಡದಿತ್ರಿ ಅಕ್ಕಾರ,” ಎಂದ ಆತ. “ನಾ ಓಡಾಕ ಎದ್ದಿದ್ದೆ. ಅಷ್ಟರಾಗ ನಿಂತ್ ಬಿಡ್ತು. ಯಾರೋ ತಿಳದವ್ರು ನೋಡಾಕತ್ತಾರ ಅಂತ ಕುಂತೆ. ಈ ಮಾತು ಹೇಳಿದ್ರ ಒಬ್ರೂ ನಂಬಲಿಲ್ಲ.”

ತಾನು ಒತ್ತಿದ್ದರಿಂದ ಅಲ್ಲಿಯ ಗಂಟೆಯೂ ಬಾಯಿ ಮುಚ್ಚಿತೆಂಬುದು ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ. “ತಪ್ಪಾತು,” ಎಂದಳು. ಆತ ಇರಲಿ ಎನ್ನಲಿಲ್ಲ; ಫೋನ್ ಇಡಲೂ ಇಲ್ಲ.

ಮಂಡಳಿ ಯಮನೂರಪ್ಪನ ಮೇಲಿನ ಆರೋಪ ತೆಗೆದುಹಾಕಿ ಶಾಂಭವಿಗೆ ಶಿಕ್ಷೆ ಕೊಟ್ಟಿತು. ಅವಳು ಖಾತ್ರಿಯನ್ನು ತಿದ್ದಿದಳು: ಯಾರು ಏನೇ ಒತ್ತಲಿ, ಯಂತ್ರದ ಮುಂದೆ ಮನುಷ್ಯನೊಬ್ಬ ಬಂದು ನಿಲ್ಲುವವರೆಗೆ ಗಂಟೆ ನಿಲ್ಲದು. ಅದನ್ನು ಕೊಂಡ ಹನ್ನೊಂದು ನಗರಗಳ ಪೈಕಿ ಒಂಬತ್ತು ನಗರಗಳು ಆರೇ ತಿಂಗಳಲ್ಲಿ ವಾಪಸು ಕಳಿಸಿದವು. ಈ ಗಲಾಟೆ ತಡೆಯಲಾಗದು, ಒಂದು ಬೆರಳಿಗೆ ಸುಮ್ಮನಾಗುವ ಹಳೆಯದೇ ನಮಗೆ ಸಾಕು ಎಂದು ಬರೆದವು. ಆ ಹಳೆಯದು ಎಂದರೆ, ಈಗ ನಿಮ್ಮ ಜೇಬಿನ ಫೋನಿನಲ್ಲಿದೆಯಲ್ಲ, ಅದೇ.