ಜೋಳದ ಹಾಳೆ, ತಾಂಡೂರಿನ ಬೇಳೆ

"ಕೈ ತೆಗೀರಿ! ಮುಟ್ಟಬ್ಯಾಡ್ರೀ...!"

ಶಿಲ್ಪಾರಾಣಿ ಕೂಗುವಷ್ಟರಲ್ಲಿ ಹಾಳೆ ಹರಿದೇ ಹೋಗಿತ್ತು.

ಜಹೀರಾಬಾದಿನ ಹೊರಗಿದ್ದ ಆ ಸಣ್ಣ ಘಟಕದಲ್ಲಿ ಗಾಜಿನ ಮೇಲೆ ಒಣಗಲು ಬಿಟ್ಟಿದ್ದ ಹಾಳೆ ಅದು. ಜೋಳದ ಪಿಷ್ಟಕ್ಕೆ ಗ್ಲಿಸರಿನ್ ಬೆರೆಸಿ, ಕಾಯಿಸಿ, ತೆಳ್ಳಗೆ ಹರಡಿ ಮಾಡಿದ್ದು. ನೋಡಲು ಥೇಟ್ ಪ್ಲಾಸ್ಟಿಕ್. ಆದರೆ ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣೇ ಆಗಿಬಿಡುವಂಥದ್ದು.

ಅಂದೇ ಕೆಲಸಕ್ಕೆ ಸೇರಿದ್ದ ಎಂಜಿನಿಯರ್ ದೇವಿದಾಸ, ಎರಡೂ ಕೈಯಲ್ಲಿ ಎರಡು ತುಂಡು ಹಿಡಿದು ನಿಂತಿದ್ದ.

"ತಪ್ಪಾತ್ರಿ... ಖರೇನ ಪ್ಲಾಸ್ಟಿಕ್ ಅಂತ ತಿಳ್ಕೊಂಡೆ."

ಬೈಯಲು ತೆರೆದ ಶಿಲ್ಪಾಳ ಬಾಯಿ ಹಾಗೇ ನಿಂತಿತು. ಪ್ಲಾಸ್ಟಿಕ್ ಅಂತಲೇ ತಿಳಿದನಾ? ಇಷ್ಟು ದಿನ ಪಟ್ಟ ಪಾಡಿಗೆ ಇಂಥ ಹೊಗಳಿಕೆ ಯಾರೂ ಕೊಟ್ಟಿರಲಿಲ್ಲ!

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಅಷ್ಟೇ... ಅವಳ ಮನಸ್ಸು ಅಲ್ಲೇ ಜಾರಿತ್ತು.

ಒಂದು ವರ್ಷ ಕಳೆಯಿತು. ಪಿಷ್ಟ ಕಾಯಿಸುವುದು ಅವಳು, ಯಂತ್ರ ನೋಡಿಕೊಳ್ಳುವುದು ಅವನು. ಮಧ್ಯಾಹ್ನ ಇಬ್ಬರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ತೆರೆದುಕೊಳ್ಳುತ್ತಿದ್ದವು. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ. ಅವನದು ಝರಾಸಂಗಂ ಕಡೆಯ ಕುರಿ ಸಾಕುವ ಮನೆ. ಅವಳದು ಕಂಗ್ಟಿಯ ಬೌದ್ಧರ ಮನೆ, ಜಾತಿಯೇ ಬೇರೆ. ತಾನಾಗಿ ಕೇಳಿ, ಅವನು ಇಲ್ಲ ಎಂದರೆ ಈ ಊಟದ ಮೇಜೂ ಇರುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಆಗ ಬಂದಳು ಮೌನಿಕಾ.

ತಾಂಡೂರಿನ ಹುಡುಗಿ. ಹೈದರಾಬಾದಿನಲ್ಲಿ ಓದಿ, ಹಾಳೆಗಳ ಗಟ್ಟಿತನ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದವಳು. ಬಂದ ವಾರಕ್ಕೇ ದೇವಿದಾಸನನ್ನು "ದೇವ್" ಎಂದು ಕರೆದಳು.

ದೇವ್ ಅಂತೆ! ಶಿಲ್ಪಾಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು.

ಅವರಿಬ್ಬರೂ ತೆಲುಗಿನಲ್ಲಿ ಹರಟುತ್ತಿದ್ದರು. ಶಿಲ್ಪಾಳಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಅವಳು ಹತ್ತಿರ ಹೋದರೆ ಮಾತು ನಿಂತುಬಿಡುತ್ತಿತ್ತು. ಭಾನುವಾರ ಬಂದರೆ ದೇವಿದಾಸ ಫೋನ್ ಎತ್ತುತ್ತಿರಲಿಲ್ಲ.

"ನಿನ್ನೆ ಎಲ್ಲಿ ಹೋಗಿದ್ರಿ?" ಒಂದು ಸೋಮವಾರ ಕೇಳಿಯೇಬಿಟ್ಟಳು.

"ತಾಂಡೂರಿಗೆ... ಜರಾ ಕೆಲಸ ಇತ್ತು."

"ಯಾರ ಜೋಡಿ?"

ಅವನು ಯಂತ್ರದ ಕಡೆ ತಿರುಗಿದ. ಅವಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವಳ ಡಬ್ಬಿ ಬೇರೆ ಮೇಜಿಗೆ ಹೋಯಿತು.

ಶ್ರಾವಣದ ಒಂದು ಶನಿವಾರ. ತಾಂಡೂರಿನ ಒಂದು ಬೇಳೆ ಮಿಲ್ಲಿನಲ್ಲಿ ಮರುದಿನ ತಮ್ಮ ಚೀಲದ ಪರೀಕ್ಷೆ ಎಂಬ ಸುದ್ದಿ ಬಂತು. ಚೀಲಗಳನ್ನು ಮೌನಿಕಾಳೇ ಹೊಲಿಗೆ ಯಂತ್ರದಂಥ ಬಿಸಿ ಪಟ್ಟಿಯಲ್ಲಿ ಅಂಟಿಸಿ ತಗಡಿನ ಡಬ್ಬಿಯಲ್ಲಿಟ್ಟಳು. ಸಂಜೆ ಶಿಲ್ಪಾ ಬಾಗಿಲು ಹಾಕಲು ಬಂದಾಗ ಡಬ್ಬಿಯ ಮುಚ್ಚಳ ತೆರೆದೇ ಇತ್ತು. ಕಿಟಕಿಯಿಂದ ಮಳೆಗಾಳಿ ಒಳಗೆ ಬೀಸುತ್ತಿತ್ತು.

ತೇವ ತಾಗಿದರೆ ಪಿಷ್ಟದ ಹಾಳೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಅದು ಅವಳಿಗೆ ಗೊತ್ತಿತ್ತು. ಮುಚ್ಚಲು ಕೈ ಚಾಚಿದಳು.

ಹೊರಗೆ ನಗು ಕೇಳಿಸಿತು. ಮೌನಿಕಾ ದೇವಿದಾಸನ ಗಾಡಿಯ ಹಿಂದೆ ಕುಳಿತು ಅವನ ಹೆಗಲು ಹಿಡಿದಿದ್ದಳು.

ಶಿಲ್ಪಾ ಕಿಟಕಿಗೆ ಬೆನ್ನು ಹಾಕಿದಳು. 'ಅವಳ ಚೀಲ... ಅವಳೇ ನೋಡಿಕೊಳ್ಳಲಿ!'

ಚಾಚಿದ ಕೈ ಹಿಂದೆ ಬಂತು. ಬೀಗ ಹಾಕಿ ಹೊರಟುಹೋದಳು.

ಸೋಮವಾರ ಎಲ್ಲರ ಮುಖವೂ ಕಪ್ಪಿಟ್ಟಿತ್ತು. ಮಿಲ್ಲಿನಲ್ಲಿ ತೊಗರಿಬೇಳೆ ತುಂಬುತ್ತಿದ್ದಂತೆ ಚೀಲಗಳ ತಳ ಬಿಚ್ಚಿಕೊಂಡಿತ್ತಂತೆ. ಮಾಲೀಕರೆದುರಿಗೇ ಬೇಳೆ ನೆಲದ ಪಾಲಾಯಿತಂತೆ.

"ಡಬ್ಬಿ ಮುಚ್ಚೋದು ನಾನೇ ಮರ್ತೆ," ಎಂದ ದೇವಿದಾಸ, ಎಲ್ಲರ ಮುಂದೆ.

ಮೌನಿಕಾಳ ತಪ್ಪನ್ನೂ ಇವನೇ ಹೊತ್ತುಕೊಂಡನಾ! ಅಷ್ಟು ಪ್ರೀತಿಯಾ? ಶಿಲ್ಪಾ ಹಲ್ಲು ಕಚ್ಚಿಕೊಂಡು ಒಳಕ್ಕೆ ಹೋದಳು. ಅಲ್ಲಿ ಮೂಲೆಯಲ್ಲಿ ಮೌನಿಕಾ ಕುಳಿತು ಅಳುತ್ತಿದ್ದಳು.

"ಅಕ್ಕಾ... ನಿಮ್ಮ ಹೆಸರು ಕೆಡಿಸಿದೆ ನಾನು."

"ನನ್ನ ಹೆಸರಾ?"

"ಅದು ನಮ್ಮ ನಾನ್ನನ... ನಮ್ಮಪ್ಪನ ಮಿಲ್ಲು ಅಕ್ಕಾ. ಅವ್ರು ಒಪ್ಪವಲ್ರಾಗಿದ್ರು. ದೇವ್ ಪ್ರತಿ ಆಯ್ತವಾರ ಬಂದು ಗಂಟೆಗಟ್ಲೆ ಕೂಡ್ತಿದ್ರು. 'ಇದು ನಮ್ಮ ಶಿಲ್ಪಾರಾಣಿ ಮಾಡಿದ ಹಾಳಿ, ಒಮ್ಮೆ ನೋಡ್ರಿ' ಅಂತ. ಕೆಲಸ ಆದ ಮ್ಯಾಲೆ ನಿಮಗ ಹೇಳಿ ಖುಷಿ ಮಾಡ್ಬೇಕು ಅಂತಿದ್ರು..."

ಶಿಲ್ಪಾ ಅಲ್ಲಿ ನಿಲ್ಲಲಿಲ್ಲ. ಅವಳು ನೇರವಾಗಿ ದೇವಿದಾಸನ ಬಳಿ ಹೋದಳು.

"ಡಬ್ಬಿ ತೆಗೆದಿತ್ತು. ನಾ ನೋಡಿದ್ದೆ... ಮುಚ್ಚಲಿಲ್ಲ."

ಅವನು ಕೆಲಸ ಬಿಟ್ಟು ತಿರುಗಿ ನೋಡಿದ.

"ಯಾಕ?"

"ನೀವು ಅವಳ ಜೋಡಿ ನಗ್ತಿದ್ರಿ. ನನಗ ತಡೀಲಾಕ ಆಗ್ಲಿಲ್ಲ."

"ಸಿಟ್ಟಿದ್ರ ನನಗ ಬೈಬೇಕಿತ್ತು ಶಿಲ್ಪಾ! ಆ ಹುಡುಗಿ ಏನ್ ಮಾಡಿದ್ಳು? ನಿನ್ನೆಯಿಂದ ಅನ್ನ ಮುಟ್ಟಿಲ್ಲ ಅಕಿ." ಅವನು ಯಂತ್ರ ನಿಲ್ಲಿಸಿದ. "ನಿನ್ನಿಂದ ಇದು... ನಾ ಅಂದ್ಕೊಂಡಿರಲಿಲ್ಲ."

ಅವನು ಹೊರಟುಹೋದ. ತಡೆಯುವ ಮುಖ ಅವಳಿಗಿರಲಿಲ್ಲ.

ಮರುದಿನ ಅವಳು ಮೌನಿಕಾಳನ್ನು ಕರೆದುಕೊಂಡು ತಾಂಡೂರಿನ ಬಸ್ಸು ಹತ್ತಿದಳು. ದಾರಿಯಲ್ಲೇ ಎಲ್ಲವನ್ನೂ ಹೇಳಿದಳು. ಮೌನಿಕಾ ಕಿಟಕಿಯ ಕಡೆ ಮುಖ ತಿರುಗಿಸಿದವಳು ಊರು ಬರುವವರೆಗೂ ಇತ್ತ ತಿರುಗಲಿಲ್ಲ. ಮಿಲ್ಲಿನಲ್ಲಿ ಅವಳ ತಂದೆ ನರಸಿಂಹುಲು ಎದುರು ಶಿಲ್ಪಾ ಕೈಮುಗಿದು ನಿಂತಳು.

"ನಿಮ್ಮ ಮಗಳ ತಪ್ಪಿಲ್ರಿ, ದೇವಿದಾಸ ಅವ್ರದೂ ಇಲ್ಲ. ನಂದು. ಇನ್ನೊಂದು ಸರ್ತಿ ನೋಡ್ರಿ."

ಅವರು ಮಗಳತ್ತ ನೋಡಿದರು. "ಏನಮ್ಮಾ, ಕೊಡೋಣೇನು?"

ಮೌನಿಕಾ ನೆಲದ ಮೇಲಿದ್ದ ಒಂದು ಬೇಳೆಕಾಳು ಎತ್ತಿ ಚೀಲಕ್ಕೆ ಹಾಕಿದಳು. "ಕೊಡ್ರಿ ನಾನ್ನಾ. ಆದ್ರ ಈ ಸಲ ಜೇನುಮೇಣ ಸವರಬೇಕು. ತೇವ ತಡೀತದ."

ಅವಳ ಮಾತನ್ನು ಶಿಲ್ಪಾ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಇಬ್ಬರೂ ಸೇರಿ ಹಾಳೆ ಮಾಡಿದರು, ಕೆಡಿಸಿದರು, ಮತ್ತೆ ಮಾಡಿದರು. ಮೇಣ ದಪ್ಪವಾದರೆ ಬಿರುಕು, ತೆಳುವಾದರೆ ತೇವ. ದೇವಿದಾಸ ಯಂತ್ರ ಸರಿಮಾಡಿ ಕೊಡುತ್ತಿದ್ದ, ಮಾತು ಮಾತ್ರ ಇಲ್ಲ. ಒಂದು ಮಧ್ಯಾಹ್ನ ಮೌನಿಕಾ ಮೇಣದ ಕೈಯಲ್ಲೇ ಶಿಲ್ಪಾಳ ತುತ್ತು ಕಸಿದು ತಿಂದಳು. ಶಿಲ್ಪಾಳ ಕಣ್ಣು ತುಂಬಿ ಬಂತು.

ಜಿಟಿಜಿಟಿ ಮಳೆಯ ಒಂದು ದಿನವೇ ಮಿಲ್ಲಿನಲ್ಲಿ ಎರಡನೆಯ ಪರೀಕ್ಷೆ. ನರಸಿಂಹುಲು ಬೇಳೆ ತುಂಬಿದ ಚೀಲವನ್ನು ಎದೆಮಟ್ಟಕ್ಕೆ ಎತ್ತಿ, ಕಲ್ಲುಹಾಸಿನ ಮೇಲೆ ಧೊಪ್ಪೆಂದು ಬಿಟ್ಟರು.

ಒಂದು ಕಾಳೂ ಹೊರಬರಲಿಲ್ಲ!

"ದೀಪಾವಳಿಗೆ ಮೊದಲ ಮಾಲು ಕಳಸ್ರಮ್ಮಾ," ಎಂದರು ಅವರು.

ಮೌನಿಕಾ ಕಿರುಚಿ ಶಿಲ್ಪಾಳನ್ನು ತಬ್ಬಿಕೊಂಡಳು. ಶಿಲ್ಪಾಳ ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ಜೊತೆಗೆ ಬಂದಿದ್ದ ದೇವಿದಾಸ ಹೊರಗೆ ನಡೆದಿದ್ದ. ಅವಳು ಹಿಂದೆಯೇ ಓಡಿದಳು.

"ಇನ್ನೂ ಸಿಟ್ಟೇನ್ರಿ?"

"ಸಿಟ್ಟು ಹೋಗ್ಯದ. ಸಂಕಟ ಇತ್ತು." ಅವನು ತಿರುಗಿದ. "ಆಮ್ಯಾಲೆ ನನ್ನದೂ ನೆನಪಾತು. ನಾರಾಯಣಖೇಡದ ಬಸ್ ಸ್ಟ್ಯಾಂಡಿನಾಗ ನಿನ್ನ ಒಬ್ಬಾಂವ ಗಾಡಿ ಮ್ಯಾಲೆ ಬಿಡ್ತಾನಲ್ಲ... ಅವನ ಗಾಡಿ ಗಾಳಿ ತೆಗೀಬೇಕು ಅಂತ ಎಷ್ಟು ಸರ್ತಿ ಅನಿಸ್ಯದ ಗೊತ್ತೇನು?"

"ರಾಜರತ್ನನಾ? ಅಂವ ನಮ್ಮ ಕಾಕಾನ ಮಗ! ನನ್ನ ತಮ್ಮ!"

ದೇವಿದಾಸ ಪೆಚ್ಚಾಗಿ ತಲೆ ಕೆರೆದುಕೊಂಡ. ಅವಳು ಅಳುತ್ತಲೇ ನಕ್ಕಳು.

"ಕೇಳಬೇಕಿತ್ತಲ್ಲ?"

"ನೀನೂ ಕೇಳಬೇಕಿತ್ತು."

ಆಮೇಲೆ ಅವನೇ ಮೆಲ್ಲಗೆ ಅಂದ, "ಈಗ ಕೇಳ್ತೀನಿ. ನಿಮ್ಮಪ್ಪನ್ನ ಕೇಳಾಕ ಕಂಗ್ಟಿಗೆ ಬರಲೇನು?"

"ನಿಮ್ಮ ಅವ್ವ...?"

"ಅವ್ವಗ ಹೇಳೀನಿ. ಒಂದು ವಾರ ನನ್ನ ಜೋಡಿ ಮಾತು ಬಿಟ್ಟಿದ್ಳು. ನಿನ್ನೆ ತಾನಾಗೇ ಕೇಳಿದ್ಳು, ಆ ಹುಡುಗಿ ರೊಟ್ಟಿ ಬಡೀತಾಳೇನು ಅಂತ."

"ನೀವೇನಂದ್ರಿ?"

"ಜ್ವಾಳದಾಗ ಪ್ಲಾಸ್ಟಿಕ್ ಮಾಡಾಕಿ, ರೊಟ್ಟಿ ಬಡೀಲಾರಳೇನು ಅಂದೆ."

"ಅಯ್ಯ, ನನ್ನ ರೊಟ್ಟಿ ದುಂಡಗ ಆಗಂಗಿಲ್ರಿ!"

"ಹ್ಯಾಂಗಿದ್ರೂ ತಿಂತೀನಿ," ಎಂದು ಅವಳ ಕೈ ಹಿಡಿದ ದೇವಿದಾಸ. "ನೀ ಮಾತ್ರ ಇನ್ನೊಂದು ಮೇಜಿಗೆ ಹೋಗಬ್ಯಾಡ."